ವೆಬ್ ಡೆವಲಪರ್‌ಗೆ ಮಾಸ್ಟರ್ಸ್ ಬೇಕಾ? ಕೆಲಸ ಬಿಟ್ಟು ಓದೋದಾ, ಕೆಲಸದ ಜೊತೆ ಓದೋದಾ, ಓದೋದೇ ಬೇಡವಾ?

ನೀಲಿಪುಟ

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆ ತಿಂತಿರೋ ವಿಷಯ, ನಿಮ್ಮ ಅಭಿಪ್ರಾಯ ಬೇಕು.

ನನ್ನ ಪದವಿ ವಾಣಿಜ್ಯದಲ್ಲಿ. ಕೋಡಿಂಗ್ ಎಲ್ಲಾ ಸ್ವಂತವಾಗಿ ಕಲಿತದ್ದು. ಕೆಲವು ವರ್ಷಗಳಿಂದ ಒಂದು ಸಣ್ಣ ಕಂಪನಿಯಲ್ಲಿ ಫ್ರಂಟ್‌ಎಂಡ್ (ಬಳಕೆದಾರರ ಕಣ್ಣಿಗೆ ಕಾಣೋ ಭಾಗದ) ಡೆವಲಪರ್, ಹೆಚ್ಚಾಗಿ ರಿಯಾಕ್ಟ್ ಅನ್ನೋ ಜಾವಾಸ್ಕ್ರಿಪ್ಟ್ ಲೈಬ್ರರಿ. ಬ್ಯಾಕ್‌ಎಂಡ್‌ನವರೊಬ್ಬರು ಬಿಟ್ಟು ಹೋದ್ಮೇಲೆ ಸರ್ವರ್ ಕಡೆಯ ನೋಡ್, ಪೋಸ್ಟ್‌ಗ್ರೆಸ್ ಡೇಟಾಬೇಸ್ ಕೆಲಸವೂ ನನ್ನ ಹೆಗಲಿಗೇ ಬಿದ್ದಿದೆ. ಕೆಲಸ ಸಾಗ್ತಿದೆ, ಯಾರದೂ ದೂರಿಲ್ಲ. ಆದರೆ ದೊಡ್ಡ ಕಂಪನಿಗಳಿಗೆ ಅರ್ಜಿ ಹಾಕಿದ್ರೆ ಒಂದು ಸಾಲಿನ ಉತ್ತರವೂ ಬರಲ್ಲ. ರೆಸ್ಯೂಮೆಯಲ್ಲಿ ಕಂಪ್ಯೂಟರ್ ಸೈನ್ಸ್ ಅನ್ನೋ ಹೆಸರು ಇಲ್ಲದ್ದಕ್ಕೇ ಹೀಗೆ ಅಂತ ನನ್ನ ಅನುಮಾನ. ಜೊತೆಗೆ ಇಂಡೆಕ್ಸ್, ಲಾಕ್, ಐಸೋಲೇಷನ್ ಲೆವೆಲ್ ಅಂತ ಡೇಟಾಬೇಸ್ ಒಳಗಿನ ಮಾತು ಬಂದಾಗ ತಳಪಾಯ ತೆಳುವಾಗಿದೆ ಅನ್ನೋದು ಎದ್ದು ಕಾಣುತ್ತೆ. ಎಐ ಬೇರೆ ಈಗ ಫಾರ್ಮು, ಟೇಬಲ್ಲು ಎಲ್ಲಾ ಕ್ಷಣದಲ್ಲಿ ಬರೆದುಕೊಡುತ್ತೆ.

ಹಾಗಾಗಿ ಕಂಪ್ಯೂಟರ್ ಸೈನ್ಸ್‌ನಲ್ಲಿ ಮಾಸ್ಟರ್ಸ್ ಮಾಡೋಣವಾ ಅಂತ ಯೋಚನೆ. ಮನೆ ನಡೆಯೋದು ನನ್ನ ಸಂಬಳದಲ್ಲಿ, ಕೆಲಸ ಬಿಡೋದು ಸುಲಭದ ಮಾತಲ್ಲ. ವೆಬ್‌ನಲ್ಲೇ ಮುಂದುವರಿಯೋ ಆಸೆ ಇರೋರಿಗೆ ಈ ಡಿಗ್ರಿಯಿಂದ ನಿಜಕ್ಕೂ ಏನು ಸಿಗುತ್ತೆ? ಮಾಡಿದವರು, ಮಾಡದವರು ಇಬ್ಬರೂ ಹೇಳಿ.

ಸೆಮಿಕೋಲನ್

ಬೇಡ. ಆ ದುಡ್ಡು, ಆ ಸಮಯ ಎರಡನ್ನೂ ಒಂದು ಒಳ್ಳೆ ಪ್ರಾಜೆಕ್ಟ್ ಮೇಲೆ ಹಾಕಿ. ವೆಬ್ ಡೆವಲಪರ್ ಆಗೋಕೆ ಮಾಸ್ಟರ್ಸ್ ಕೇಳಿದ ಕಂಪನಿಯನ್ನ ನಾನು ಕಂಡಿಲ್ಲ.

ಓದುಗೂಡು

ಇಷ್ಟು ಬೇಗ ತೀರ್ಪು ಕೊಟ್ಟುಬಿಟ್ರೆ ಹೇಗೆ ಸರ್? ಅವರು ಈಗಾಗಲೇ ಡೆವಲಪರ್. ಕೇಳ್ತಿರೋದು ಮುಂದಿನ ಮೆಟ್ಟಿಲಿನ ಬಗ್ಗೆ.

ಸೆಮಿಕೋಲನ್

ಮುಂದಿನ ಮೆಟ್ಟಿಲಿಗೂ ಅದೇ ಉತ್ತರ ಮೇಡಂ. ವೆಬ್ ಅನ್ನೋದನ್ನೇ ಕಟ್ಟಿದ ಟಿಮ್ ಬರ್ನರ್ಸ್-ಲೀ ಹತ್ತಿರ ಇದ್ದದ್ದು ಭೌತಶಾಸ್ತ್ರದ ಪದವಿ, ಅಷ್ಟೇ. 1989ರಲ್ಲಿ ಸರ್ನ್ ಅನ್ನೋ ಯುರೋಪಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ವೆಬ್‌ನ ಪ್ರಸ್ತಾವ ಬರೆದಾಗ ಅವರ ಹತ್ತಿರ ಕಂಪ್ಯೂಟರ್ ಸೈನ್ಸ್ ಮಾಸ್ಟರ್ಸ್ ಇತ್ತಾ? ಇರಲಿಲ್ಲ.

ಹಳೇಕೀಬೋರ್ಡ್

ನಾನು ವೆಬ್ ತಂಡಗಳಿಗೆ ಜನರನ್ನ ಆರಿಸೋ ಕೆಲಸದಲ್ಲಿ ಬಹಳ ಕಾಲದಿಂದ ಇದ್ದೀನಿ. ನೀಲಿಪುಟ ಅವರ ಮೊದಲ ಅನುಮಾನಕ್ಕೆ ಉತ್ತರ ಹೇಳ್ತೀನಿ.

ರೆಸ್ಯೂಮೆ ನಮ್ಮ ಕೈಗೆ ಬರೋ ಮುಂಚೆ ಎಚ್‌ಆರ್ ಜರಡಿ ದಾಟಿ ಬರುತ್ತೆ, ನಿಜ. ಆದರೆ ವೆಬ್ ಹುದ್ದೆಗಳ ಜರಡಿಯಲ್ಲಿ ಸಾಮಾನ್ಯವಾಗಿ ಇರೋದು "ಪದವಿ ಅಥವಾ ಅದಕ್ಕೆ ಸಮನಾದ ಅನುಭವ" ಅನ್ನೋ ಸಾಲು. ಮಾಸ್ಟರ್ಸ್ ಇದ್ರೆ ಒಳ್ಳೇದು ಅಂತ ಬರೆದಿದ್ರೂ ಅದು ಇಲ್ಲ ಅಂತ ನಾವು ಯಾರನ್ನೂ ಬಿಟ್ಟಿಲ್ಲ. ಬಿಡೋದು ಯಾಕೆ ಅಂದ್ರೆ, ಒಂದೇ ಹುದ್ದೆಗೆ ರಾಶಿ ಅರ್ಜಿ ಬಂದು ಬಿದ್ದಿರುತ್ತೆ, ಎಲ್ಲಾ ರೆಸ್ಯೂಮೆಗಳೂ ಒಂದೇ ಅಚ್ಚಿನವು. "ರಿಯಾಕ್ಟ್ ಬಳಸಿ ಡ್ಯಾಶ್‌ಬೋರ್ಡ್ ಮಾಡಿದ್ದೇನೆ." "ಎಪಿಐಗಳನ್ನು ಜೋಡಿಸಿದ್ದೇನೆ." ಇದನ್ನ ಓದಿ ನಾನು ಏನು ತಿಳ್ಕೊಳ್ಳಲಿ?

ಅದೇ ಯಾರಾದ್ರೂ "ಆರ್ಡರ್ ಪಟ್ಟಿಯ ಪುಟ ತೆರೆಯೋಕೆ ಆರು ಸೆಕೆಂಡ್ ಹಿಡೀತಿತ್ತು, ಕಾರಣ ಇದು, ಹೀಗೆ ಸರಿಮಾಡಿದೆ, ಈಗ ಇಷ್ಟು ಹಿಡಿಯುತ್ತೆ" ಅಂತ ಬರೆದಿದ್ರೆ ಅವರ ಡಿಗ್ರಿ ಸಾಲು ನೋಡೋ ಮುಂಚೆಯೇ ಫೋನ್ ಮಾಡಿಸ್ತೀನಿ.

ಅರ್ಜಿಗೆ ಉತ್ತರ ಬರ್ತಿಲ್ಲ ಅನ್ನೋ ಒಂದೇ ಕಾರಣಕ್ಕೆ ಮಾಸ್ಟರ್ಸ್‌ಗೆ ಹೋಗಬೇಡಿ. ಮೊದಲು ರೆಸ್ಯೂಮೆ ತಿದ್ದಿ, ಒಳಗಿನವರ ಕೈಲಿ ಶಿಫಾರಸು ಮಾಡಿಸಿ, ಆಮೇಲೂ ಬಾಗಿಲು ಮುಚ್ಚೇ ಇದ್ರೆ ಆಗ ಡಿಗ್ರಿ ಮಾತು.

ಉತ್ತರದಗಾಳಿ

ಸರ್ ಹೇಳಿದ್ದು ಖರೆ ಐತ್ರಿ. ನಮ್ಮ ತಂಡದಾಗ ಮಾಸ್ಟರ್ಸ್ ಮಾಡಿದವರೂ ಅದಾರ, ಡಿಗ್ರಿನ ಮುಗಿಸದವರೂ ಅದಾರ. ಕೋಡ್ ರಿವ್ಯೂದಾಗ ಯಾರು ಯಾವ ಗುಂಪು ಅಂತ ಹೇಳಾಕ ಬರಂಗಿಲ್ಲ.

ಓದುಗೂಡು

ನನಗೆ ಬರುತ್ತೆ. ಎಲ್ಲಾ ದಿನ ಅಲ್ಲ, ಕೆಲವು ದಿನ ಖಂಡಿತ ಗೊತ್ತಾಗುತ್ತೆ.

ನಾನು ಕೆಲಸಕ್ಕೆ ಸೇರಿ ಸ್ವಲ್ಪ ಕಾಲ ಆದ್ಮೇಲೆ ಬಿಟ್ಟು ಹೋಗಿ ಮಾಸ್ಟರ್ಸ್ ಮಾಡಿದವಳು. ಅಲ್ಲಿ ಯಾರೂ ನನಗೆ ರಿಯಾಕ್ಟ್ ಹೇಳಿಕೊಡಲಿಲ್ಲ. ಆದರೆ ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್ ಕೋರ್ಸ್‌ನಲ್ಲಿ ರಾಫ್ಟ್ ಅನ್ನೋ ಒಮ್ಮತದ ಅಲ್ಗಾರಿದಮ್ ಅನ್ನ (ಹಲವು ಸರ್ವರ್‌ಗಳು ಒಂದೇ ದಾಖಲೆಗೆ ಒಪ್ಪೋ ವಿಧಾನ) ನಮ್ಮ ಕೈಯಿಂದಲೇ ಬರೆಸಿದ್ರು. ಮೂರು ಸರ್ವರ್ ಓಡ್ತಿರುತ್ತೆ, ನೆಟ್‌ವರ್ಕ್ ಮಧ್ಯೆ ಕಡಿದುಹಾಕ್ತಾರೆ, ನಾಯಕ ಸರ್ವರ್ ಯಾವ ಕಡೆ ಉಳೀತು, ಹಳೇ ನಾಯಕ ವಾಪಸ್ ಬಂದಾಗ ಅದರ ಲಾಗ್ ಏನಾಗಬೇಕು, ಇದೆಲ್ಲಾ ನಮ್ಮ ಕೋಡ್ ನೋಡಿಕೊಳ್ಳಬೇಕು. ಟೆಸ್ಟ್ ನೂರು ಸಲ ಪಾಸಾಗಿ ಮುಂದಿನ ಸಲ ಬಿದ್ದುಹೋಗುತ್ತೆ. ಆ ಒಂದು ಬಗ್ ಹಿಡಿಯೋಕೆ ಪಟ್ಟ ಪಾಡು ಇವತ್ತಿಗೂ ಕೆಲಸಕ್ಕೆ ಬರ್ತಿದೆ. ಪೇಮೆಂಟ್ ಎರಡು ಸಲ ಕಡಿತ ಆಗಿದೆ ಅಂತ ದೂರು ಬಂದಾಗ, ರಿಕ್ವೆಸ್ಟ್ ಹೋಯ್ತು, ಉತ್ತರ ಬರಲಿಲ್ಲ, ಬ್ರೌಸರ್ ಮತ್ತೆ ಕಳಿಸ್ತು ಅನ್ನೋ ಸಾಧ್ಯತೆ ನನಗೆ ಮೊದಲ ನಿಮಿಷದಲ್ಲೇ ಹೊಳೆಯುತ್ತೆ.

ಮತ್ತೆ ಸೆಮಿಕೋಲನ್ ಅವರೇ, ಹೆಸರುಗಳನ್ನ ಹೇಳೋದಾದ್ರೆ ನನ್ನ ಹತ್ತಿರವೂ ಇವೆ. ನಾವೆಲ್ಲ ದಿನಾ ಬಾಯಿಗೆ ಬಂದಹಾಗೆ ಬಳಸೋ ರೆಸ್ಟ್ (ವೆಬ್ ಸೇವೆಗಳನ್ನ ವಿನ್ಯಾಸ ಮಾಡೋ ಶೈಲಿ) ಅನ್ನೋದು ರಾಯ್ ಫೀಲ್ಡಿಂಗ್ ಅವರ ಪ್ರಬಂಧದಿಂದ ಬಂದದ್ದು, 2000ನೇ ಇಸವಿ. ಜಾವಾಸ್ಕ್ರಿಪ್ಟ್ ಬರೆದ ಬ್ರೆಂಡನ್ ಐಕ್ ಮಾಸ್ಟರ್ಸ್ ಮಾಡಿದವರು. ಕಂಪೈಲರ್ ಕಟ್ಟೋಕೆ ಬಳಸೋ ಎಲ್‌ಎಲ್‌ವಿಎಂ, ಕ್ರಿಸ್ ಲ್ಯಾಟ್ನರ್ ಅವರ 2002ರ ಮಾಸ್ಟರ್ಸ್ ಪ್ರಬಂಧದ ವಿಷಯ.

ಪರದೆಹಿಂದೆ

ರಾಯ್ ಫೀಲ್ಡಿಂಗ್ ಅವರದ್ದು ಪಿಎಚ್‌ಡಿ, ಮಾಸ್ಟರ್ಸ್ ಲೆಕ್ಕಕ್ಕೆ ಬರಲ್ಲ. ಅದಕ್ಕಿಂತ ಮುಖ್ಯ ವಿಷಯ: ಆ ಪ್ರಬಂಧ ಬರೆಯೋ ಹೊತ್ತಿಗೆ ಅವರು ಎಚ್‌ಟಿಟಿಪಿ 1.1 (ಬ್ರೌಸರ್, ಸರ್ವರ್ ಮಾತಾಡೋ ನಿಯಮ) ನಿರ್ದಿಷ್ಟತೆಯ ಲೇಖಕರಲ್ಲಿ ಒಬ್ಬರಾಗಿದ್ರು, ಅಪಾಚೆ ವೆಬ್ ಸರ್ವರ್ ಶುರು ಮಾಡಿದವರಲ್ಲಿ ಒಬ್ಬರಾಗಿದ್ರು. ಡಿಗ್ರಿ ಬಂದು ಅವರನ್ನ ವೆಬ್‌ಗೆ ಕರ್ಕೊಂಡು ಹೋಗಲಿಲ್ಲ. ವೆಬ್‌ನಲ್ಲಿ ಮುಳುಗಿದ್ದವರು ಅದನ್ನೇ ಪ್ರಬಂಧ ಮಾಡಿದ್ರು. ಎರಡೂ ಕಡೆಯವರು ದೊಡ್ಡ ಹೆಸರು ತಂದು ನಿಲ್ಲಿಸೋದು ಬಿಡಿ. ವಾಣಿಜ್ಯ ಓದಿ, ಮನೆ ನೋಡ್ಕೊಂಡು, ಕೆಲಸ ಮಾಡ್ತಿರೋ ಒಬ್ಬರಿಗೆ ಏನು ಮಾಡೋದು ಅನ್ನೋದು ಇಲ್ಲಿನ ಪ್ರಶ್ನೆ.

ಓದುಗೂಡು

ಒಪ್ಪಿದೆ. ನನ್ನ ಮಾತಿನ ತಿರುಳು ರಾಫ್ಟ್ ಬರೆಸಿದ ಕೋರ್ಸ್, ಹೆಸರುಗಳಲ್ಲ.

ನೀಲಿಪುಟ

ಹಳೇಕೀಬೋರ್ಡ್ ಸರ್, ನೀವು ಆರ್ಡರ್ ಪಟ್ಟಿ ಅಂದ ತಕ್ಷಣ ಎದೆ ಝಲ್ ಅಂತು. ನನ್ನ ಹತ್ತಿರ ಅಂಥದ್ದೇ ಒಂದು ಪುಟ ಇದೆ. ಇನ್ನೂರು ಆರ್ಡರ್ ತೋರಿಸುತ್ತೆ, ಪ್ರತಿ ಆರ್ಡರ್ ಜೊತೆ ಗ್ರಾಹಕರ ಹೆಸರು ಮತ್ತೆ ಐಟಂಗಳು. ಮೊದಲೆಲ್ಲ ಚೆನ್ನಾಗೇ ಇತ್ತು, ಈಗ ತೆರೆದರೆ ಸುತ್ತುತ್ತಾ ಕೂರುತ್ತೆ. ರಿಯಾಕ್ಟ್ ಕಡೆ ಮೆಮೊ (ಬದಲಾಗದ ಭಾಗವನ್ನ ಮತ್ತೆ ಚಿತ್ರಿಸದ ಹಾಗೆ ತಡೆಯೋದು) ಹಾಕಿ ನೋಡಿದ್ದಾಯ್ತು, ಒಂಚೂರೂ ಬದಲಾಗಲಿಲ್ಲ.

ಪರದೆಹಿಂದೆ

ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್ ತೆಗೆದು ನೋಡಿ. ಸರ್ವರ್‌ನಿಂದ ಆ ಎಪಿಐ ಉತ್ತರ ಬರೋಕೇ ತಡ ಆಗ್ತಿದ್ಯಾ, ಬಂದ ಮೇಲೆ ಚಿತ್ರಿಸೋಕೆ ತಡ ಆಗ್ತಿದ್ಯಾ?

ನೀಲಿಪುಟ

ಉತ್ತರ ಬರೋಕೇ ತಡ. ಬಂದ ತಕ್ಷಣ ಪುಟ ಮೂಡುತ್ತೆ.

ಪರದೆಹಿಂದೆ

ಹಾಗಿದ್ರೆ ರಿಯಾಕ್ಟ್ ಬಿಡಿ. ಸರ್ವರ್‌ನಲ್ಲಿ ಕ್ವೆರಿ (ಡೇಟಾಬೇಸ್‌ಗೆ ಕೇಳೋ ಪ್ರಶ್ನೆ) ಲಾಗ್ ಆನ್ ಮಾಡಿ, ಆ ಪುಟ ಒಂದು ಸಲ ತೆರೀರಿ, ಎಷ್ಟು ಕ್ವೆರಿ ಹೋಯ್ತು ನೋಡಿ.

ನೀಲಿಪುಟ

ಲಾಗ್ ಉದ್ದಕ್ಕೆ ಸಾಗ್ತಾ ಹೋಯ್ತು! ಆರ್ಡರ್ ತರೋಕೆ ಒಂದು. ಆಮೇಲೆ ಪ್ರತಿ ಆರ್ಡರ್‌ಗೂ ಗ್ರಾಹಕರಿಗೆ ಒಂದು, ಐಟಂಗೆ ಒಂದು. ಒಟ್ಟು 401.

ಪರದೆಹಿಂದೆ

ಇದಕ್ಕೇ ಎನ್ ಪ್ಲಸ್ ಒನ್ ಸಮಸ್ಯೆ ಅನ್ನೋದು. ನೀವು ಬಳಸ್ತಿರೋ ಓಆರ್‌ಎಂ (ಕೋಡ್ ನೋಡಿ ತಾನೇ ಕ್ವೆರಿ ಬರೆಯೋ ಲೈಬ್ರರಿ) ಲೂಪ್ ಒಳಗೆ ಸದ್ದಿಲ್ಲದೆ ಕ್ವೆರಿ ಕಳಿಸ್ತಿದೆ. ಗ್ರಾಹಕರನ್ನ ಜಾಯಿನ್ ಮಾಡಿ ಮೊದಲ ಕ್ವೆರಿಯಲ್ಲೇ ತನ್ನಿ. ಐಟಂಗಳಿಗೆ ಇನ್ನೂರೂ ಆರ್ಡರ್ ಐಡಿ ಕೊಟ್ಟು ಒಂದೇ ಕ್ವೆರಿ ಮಾಡಿ. 401 ಇದ್ದದ್ದು 2ಕ್ಕೆ ಇಳಿಯುತ್ತೆ.

ಅದಾದ್ಮೇಲೆ ಐಟಂ ಕ್ವೆರಿಯ ಮುಂದೆ ಎಕ್ಸ್‌ಪ್ಲೇನ್ ಅನಲೈಜ್ ಹಾಕಿ ಓಡಿಸಿ, ಕ್ವೆರಿ ಹೇಗೆ ಓಡ್ತು ಅಂತ ತೋರಿಸುತ್ತೆ. ಅದರಲ್ಲಿ ಸೀಕ್ವೆನ್ಷಿಯಲ್ ಸ್ಕ್ಯಾನ್ (ಟೇಬಲ್ ಪೂರ್ತಿ ಓದೋದು) ಅಂತ ಬಂದ್ರೆ ಆರ್ಡರ್ ಐಡಿ ಕಾಲಂ ಮೇಲೆ ಇಂಡೆಕ್ಸ್ (ಬೇಗ ಹುಡುಕೋ ಸೂಚಿ) ಇಲ್ಲ ಅಂತ ಅನುಮಾನ ಪಡಿ. ಪೋಸ್ಟ್‌ಗ್ರೆಸ್ ಫಾರಿನ್ ಕೀ (ಬೇರೆ ಟೇಬಲ್‌ನ ಸಾಲನ್ನ ತೋರಿಸೋ) ಕಾಲಂಗೆ ತಾನಾಗಿ ಇಂಡೆಕ್ಸ್ ಕಟ್ಟಲ್ಲ.

ಉತ್ತರದಗಾಳಿ

ಕಟ್ಟತೈತಿ ಅಂತ ಕೇಳಿದ್ನೆಲ್ರಿ?

ಪರದೆಹಿಂದೆ

ಅದು ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಇನ್ನೋಡಿಬಿ ಎಂಜಿನ್. ಪೋಸ್ಟ್‌ಗ್ರೆಸ್‌ನಲ್ಲಿ ಪ್ರೈಮರಿ ಕೀಗೆ, ಯೂನಿಕ್ ಕಾಲಂಗೆ ಮಾತ್ರ ತಾನಾಗಿ ಆಗುತ್ತೆ. ಉಳಿದದ್ದು ನಾವೇ ಹೇಳಬೇಕು.

ನೀಲಿಪುಟ

ಸರ್, ಸೀಕ್ವೆನ್ಷಿಯಲ್ ಸ್ಕ್ಯಾನ್ ಅಂತಲೇ ಬಂತು. ನನ್ನ ಲ್ಯಾಪ್‌ಟಾಪ್‌ನಲ್ಲಿ ಇಂಡೆಕ್ಸ್ ಹಾಕಿ, ಎರಡು ಕ್ವೆರಿ ಮಾಡಿ ನೋಡಿದೆ. ಕಣ್ಣು ಮಿಟುಕಿಸೋದ್ರೊಳಗೆ ತೆರೆಯುತ್ತೆ! ನಿಜವಾದ ಸರ್ವರ್‌ನಲ್ಲಿ ಹಾಕೋಕೆ ಏನಾದ್ರೂ ಎಚ್ಚರಿಕೆ ಬೇಕಾ?

ಪರದೆಹಿಂದೆ

ಕಾನ್ಕರೆಂಟ್ಲಿ ಅನ್ನೋ ಪದ ಸೇರಿಸಿ ಇಂಡೆಕ್ಸ್ ಕಟ್ಟಿ. ಇಲ್ಲದಿದ್ರೆ ಕಟ್ಟಿ ಮುಗಿಯೋವರೆಗೂ ಆ ಟೇಬಲ್‌ಗೆ ಬರೆಯೋದೆಲ್ಲ ನಿಂತುಹೋಗುತ್ತೆ.

ಸೆಮಿಕೋಲನ್

ನೋಡಿದ್ರಾ? ಒಂದು ಡಿಗ್ರಿಯಲ್ಲಿ ಕಲೀಬೇಕು ಅಂತ ಹೆದರ್ಕೊಂಡಿದ್ದನ್ನ ಅವರು ಇವತ್ತು ಮಧ್ಯಾಹ್ನ ಕಲಿತ್ರು. ಬೇಕಾದಾಗ ಬೇಕಾದ್ದನ್ನ ಕಲಿಯೋದು, ನಮ್ಮ ಕೆಲಸ ನಡೆಯೋದೇ ಹಾಗೆ.

ಓದುಗೂಡು

ಕಲಿತದ್ದು ಹೇಗೆ? ಎನ್ ಪ್ಲಸ್ ಒನ್ ಗೊತ್ತಿದ್ದ ಒಬ್ಬರು ಎದುರಿಗೆ ಇದ್ದದ್ದಕ್ಕೆ. ಅವರು ತಮ್ಮಷ್ಟಕ್ಕೆ ರಿಯಾಕ್ಟ್ ಮೆಮೊ ಹುಡುಕ್ತಿದ್ರು, ಯಾಕಂದ್ರೆ ಡೇಟಾಬೇಸ್ ಕಡೆ ನೋಡಬೇಕು ಅನ್ನೋ ಸುಳಿವೇ ಇರಲಿಲ್ಲ. ಗೊತ್ತಿಲ್ಲದ್ದನ್ನ ಹುಡುಕೋಕೆ ಅದರ ಹೆಸರಾದ್ರೂ ಗೊತ್ತಿರಬೇಕು. ಕ್ರಮವಾಗಿ ಓದಿದ್ರೆ ಸಿಗೋದು ಅದು: ಎಲ್ಲೆಲ್ಲಿ ಏನೇನು ಇದೆ ಅನ್ನೋ ಪೂರ್ತಿ ನಕ್ಷೆ.

ಇಂಡೆಕ್ಸ್ ಹಾಕಿದ್ರೆ ವೇಗ ಆಗುತ್ತೆ ಅಂತ ಈಗ ಅವರಿಗೆ ಗೊತ್ತು. ಯಾಕೆ ಆಗುತ್ತೆ? ಇಂಡೆಕ್ಸ್‌ನ ಬಿ-ಟ್ರೀ ರಚನೆಯ ಒಳಗೆ ಏನು ನಡೆಯುತ್ತೆ? ಇಂಡೆಕ್ಸ್ ಹೆಚ್ಚಾದ್ರೆ ಬರೆಯೋದು ಯಾಕೆ ನಿಧಾನ ಆಗುತ್ತೆ? ಇದು ತಿಳಿಯದಿದ್ರೆ ನಾಳೆ ಎಲ್ಲಾ ಕಾಲಂ ಮೇಲೂ ಇಂಡೆಕ್ಸ್ ಹಾಕಿ ಕೂರ್ತಾರೆ.

ಹಳೇಕೀಬೋರ್ಡ್

ಓದುಗೂಡು ಅವರ ಈ ಮಾತಿಗೆ ನನ್ನ ಪೂರ್ತಿ ಸಮ್ಮತಿ ಇದೆ. ಆದರೆ ನಕ್ಷೆಗೂ ಡಿಗ್ರಿಗೂ ಗಂಟು ಹಾಕಬೇಡಿ. ಬಿ-ಟ್ರೀ ಬಗ್ಗೆ ಬೇಯರ್ ಮತ್ತು ಮೆಕ್‌ಕ್ರೈಟ್ ಬರೆದ ಪ್ರಬಂಧ ಪ್ರಕಟ ಆಗಿದ್ದು 1972ರಲ್ಲಿ. ಅದು ಇವತ್ತು ಯಾರ ಗುಟ್ಟೂ ಅಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ 15-445 ಡೇಟಾಬೇಸ್ ಕೋರ್ಸ್‌ನ ಪಾಠಗಳು ಪೂರ್ತಿ ಯೂಟ್ಯೂಬ್‌ನಲ್ಲಿವೆ. ಓದುಗೂಡು ಅವರು ಹೇಳಿದ ರಾಫ್ಟ್ ಲ್ಯಾಬ್ ಕೂಡ ಎಂಐಟಿಯ 6.824 (ಈಗ ಅದರ ನಂಬರ್ 6.5840) ಕೋರ್ಸ್‌ನದ್ದು ಯಾರು ಬೇಕಾದ್ರೂ ಮಾಡಬಹುದು, ಗೋ ಭಾಷೆಯಲ್ಲಿ ಬರೀಬೇಕು.

ಗ್ರಿಡ್‌ಗೆಳತಿ

ಎಲ್ಲರೂ ಡೇಟಾಬೇಸ್ ಕಡೆಗೇ ಹೋಗ್ತಿದ್ದೀರಲ್ಲ! ಅವರು ಮೂಲತಃ ಫ್ರಂಟ್‌ಎಂಡ್‌ನವರು. ಆ ಕಡೆ ಆಳಕ್ಕೆ ಇಳಿಯೋ ಆಸೆ ಇದ್ರೆ ಕಂಪ್ಯೂಟರ್ ಸೈನ್ಸ್ ಮಾಸ್ಟರ್ಸ್‌ನಲ್ಲಿ ಅದಕ್ಕೆ ಸಿಗೋದು ಬಹಳ ಕಡಿಮೆ. ಬ್ರೌಸರ್ ಒಂದು ಪುಟವನ್ನ ಹೇಗೆ ಲೇಔಟ್ ಮಾಡುತ್ತೆ, ಫಾಂಟ್ ತಡವಾಗಿ ಬಂದು ಸಾಲುಗಳು ಯಾಕೆ ಜಿಗಿಯುತ್ತವೆ, ಕೀಬೋರ್ಡ್ ಒಂದರಿಂದಲೇ ಮೆನು ಹೇಗೆ ಓಡಾಡಬೇಕು, ಇವು ಯಾವ ಪಠ್ಯಕ್ರಮದಲ್ಲೂ ನಾನು ಕಂಡಿಲ್ಲ. ಡಬ್ಲ್ಯುಸಿಎಜಿ (ಅಂಗವಿಕಲರೂ ವೆಬ್ ಬಳಸೋ ಹಾಗಿರಬೇಕು ಅನ್ನೋ ಮಾರ್ಗಸೂಚಿ) 2.2 ಬಂದದ್ದು 2023ರ ಅಕ್ಟೋಬರ್‌ನಲ್ಲಿ. ಅದರಲ್ಲಿ ಫೋಕಸ್ ಆದ ಬಟನ್ ಬೇರೆ ಯಾವುದರ ಹಿಂದೆಯೂ ಪೂರ್ತಿ ಮುಚ್ಚಿಹೋಗಬಾರದು ಅನ್ನೋ ಹೊಸ ನಿಯಮ ಇದೆ. ಮೇಲೆ ಅಂಟಿಕೊಂಡಿರೋ ಹೆಡರ್ ಇಟ್ಕೊಂಡಿರೋ ಎಷ್ಟೋ ಸೈಟ್‌ಗಳು ಅಲ್ಲೇ ಎಡವುತ್ತವೆ. ನಿಮ್ಮ ಸೈಟ್‌ನಲ್ಲಿ ಈಗಲೇ ಟ್ಯಾಬ್ ಒತ್ತುತ್ತಾ, ಆಮೇಲೆ ಶಿಫ್ಟ್ ಟ್ಯಾಬ್ ಒತ್ತುತ್ತಾ ಮೇಲೆ ಬಂದು ನೋಡಿ.

ಓದಲೇಬೇಕು ಅಂದ್ರೆ ಹ್ಯೂಮನ್ ಕಂಪ್ಯೂಟರ್ ಇಂಟರಾಕ್ಷನ್ ಕಡೆ ನೋಡಿ. ಬಳಕೆದಾರರ ಎದುರು ಕೂತು ಪರೀಕ್ಷೆ ಮಾಡೋದು, ಪ್ರಶ್ನೆ ಕೇಳೋ ರೀತಿ, ಬಂದ ಉತ್ತರವನ್ನ ತೂಗೋದು, ಅವೆಲ್ಲ ಒಬ್ಬರೇ ಕೂತು ಕಲಿಯೋದು ಕಷ್ಟ.

ನೀಲಿಪುಟ

ಶಿಫ್ಟ್ ಟ್ಯಾಬ್ ಒತ್ತಿ ನೋಡಿದೆ ಮೇಡಂ. ಲಿಂಕ್ ಪೂರ್ತಿ ಹೆಡರ್ ಹಿಂದೆ ಮಾಯ.

ಗ್ರಿಡ್‌ಗೆಳತಿ

ಸಿಎಸ್‌ಎಸ್‌ನಲ್ಲಿ ಸ್ಕ್ರೋಲ್ ಪ್ಯಾಡಿಂಗ್ ಟಾಪ್ ಅಂತ ಒಂದು ಗುಣ ಇದೆ, ಹೆಡರ್ ಎತ್ತರದಷ್ಟು ಕೊಡಿ. ಸಾಮಾನ್ಯವಾಗಿ ಅಷ್ಟಕ್ಕೇ ಸರಿಹೋಗುತ್ತೆ. ಇದನ್ನೂ ರೆಸ್ಯೂಮೆಗೆ ಹಾಕಿ.

ಕಡತಪಾಲ

ದುಡ್ಡಿನ ಮಾತು ಯಾರೂ ಎತ್ತಲಿಲ್ಲ. ನೀಲಿಪುಟ ಅವರೇ, ಪೂರ್ಣಾವಧಿ ಅಂದ್ರೆ ಬರೀ ಫೀಸ್ ಕೂಡಿಸಿ ಸುಮ್ಮನಾಗಬೇಡಿ. ಅಷ್ಟೂ ಕಾಲ ಬರಬೇಕಿದ್ದ ಸಂಬಳ, ಆ ಅವಧಿಯಲ್ಲಿ ಆಗಬೇಕಿದ್ದ ಬಡ್ತಿ, ಸಾಲ ಮಾಡಿದ್ರೆ ಅದರ ಬಡ್ಡಿ, ಮುಗಿದ ಮೇಲೆ ಕೆಲಸ ಹುಡುಕೋ ತಿಂಗಳುಗಳು, ಎಲ್ಲಾ ಒಂದೇ ಹಾಳೆಯಲ್ಲಿ ಬರೀರಿ. ಆ ಮೊತ್ತ ಫೀಸ್‌ಗಿಂತ ಎಷ್ಟೋ ದೊಡ್ಡದಾಗಿರುತ್ತೆ. ಆಮೇಲೆ ಆ ಡಿಗ್ರಿಯಿಂದ ತಿಂಗಳ ಸಂಬಳ ಎಷ್ಟು ಏರಬಹುದು ಅಂತ ನಿಮ್ಮ ಕ್ಷೇತ್ರದಲ್ಲೇ ಡಿಗ್ರಿ ಮಾಡಿದವರನ್ನ ಕೇಳಿ. ಮೊದಲನೇದನ್ನ ಎರಡನೇದರಿಂದ ಭಾಗಿಸಿದ್ರೆ ಎಷ್ಟು ತಿಂಗಳಿಗೆ ಸರಿದೂಗುತ್ತೆ ಅಂತ ಸಿಗುತ್ತೆ. ವೆಬ್ ಕೆಲಸದಲ್ಲಿ ಈಗಾಗಲೇ ಅನುಭವ ಇರೋರಿಗೆ ಈ ಲೆಕ್ಕ ಸರಿಹೋಗೋದು ಅಪರೂಪ ಅಂತ ನನ್ನ ಅನಿಸಿಕೆ.

ಕಂಪನಿಯೇ ಫೀಸ್ ಕೊಡುತ್ತೆ ಅಂದ್ರೆ ಆ ಒಪ್ಪಂದದ ಪ್ರತಿ ಸಾಲು ಓದಿ. ಓದು ಮುಗಿದು ಇಷ್ಟು ವರ್ಷ ಬಿಡೋ ಹಾಗಿಲ್ಲ, ಬಿಟ್ರೆ ಪೂರ್ತಿ ವಾಪಸ್ ಕಟ್ಟಬೇಕು ಅಂತ ಇರುತ್ತೆ. ಅವರೇ ಕೆಲಸದಿಂದ ತೆಗೆದ್ರೆ ಏನು ಅನ್ನೋದೂ ಬರಹದಲ್ಲಿ ಇರಲಿ.

ಗಡಿದಾಟಿ

ಬೇರೆ ದೇಶಕ್ಕೆ ಹೋಗೋ ಉದ್ದೇಶ ಇದ್ರೆ ಲೆಕ್ಕ ಪೂರ್ತಿ ಬೇರೆ. ಅಲ್ಲಿ ಡಿಗ್ರಿ ಕಲಿಕೆಗಿಂತ ಮೊದಲು ಕಾಗದಪತ್ರ. ಅಮೆರಿಕದ ಎಚ್-1ಬಿ ಕೆಲಸದ ವೀಸಾದಲ್ಲಿ ವರ್ಷಕ್ಕೆ 65,000 ಸಾಮಾನ್ಯ ಮಿತಿ ಆದ್ಮೇಲೆ, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮಾಸ್ಟರ್ಸ್ ಅಥವಾ ಅದಕ್ಕಿಂತ ಮೇಲೆ ಓದಿದವರಿಗೆ ಇನ್ನೂ 20,000 ಇದೆ. ಕೆನಡಾದಲ್ಲಿ ನೆಲೆಸೋಕೆ ಇರೋ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಪದವಿಗಿಂತ ಮಾಸ್ಟರ್ಸ್‌ಗೆ ಅಂಕ ಹೆಚ್ಚು. ಇದು ಬೇಕು ಅನ್ನೋರಿಗೆ ಪೋರ್ಟ್‌ಫೋಲಿಯೋ ಎಷ್ಟೇ ಚೆನ್ನಾಗಿದ್ರೂ ಬದಲಿ ಆಗಲ್ಲ.

ಆದರೆ ಮನೇಲೇ ಕೂತು ಆನ್‌ಲೈನ್‌ನಲ್ಲಿ ಓದಿದ್ರೆ ವಿದ್ಯಾರ್ಥಿ ವೀಸಾ ಸಿಗಲ್ಲ, ಓದಿದ ಮೇಲೆ ಅಲ್ಲೇ ಉಳಿದು ಕೆಲಸ ಮಾಡೋ ಅನುಮತಿಯೂ ಸಿಗಲ್ಲ. ಇದನ್ನ ಗಮನಿಸದೆ ಆನ್‌ಲೈನ್ ಸೇರಿ ಆಮೇಲೆ ಕೈ ಕೈ ಹಿಸುಕಿಕೊಂಡವರು ಇದ್ದಾರೆ.

ನೀಲಿಪುಟ

ಮನೆಯವರನ್ನ ಬಿಟ್ಟು ದೇಶ ಬಿಡೋ ಉದ್ದೇಶ ಸದ್ಯಕ್ಕಂತೂ ಇಲ್ಲ ಸರ್. ಆದರೂ ಇದು ಗೊತ್ತಿರಲಿಲ್ಲ, ಧನ್ಯವಾದ.

ಮಿಂಚುಳ

ನಡುವೆ ನನ್ನದೊಂದು ಪ್ರಶ್ನೆ. ನಾನು ಕಂಪ್ಯೂಟರ್ ಸೈನ್ಸ್ ಪದವಿ ಈಗಷ್ಟೇ ಮುಗಿಸಿದ್ದೀನಿ, ಕೆಲಸ ಸಿಕ್ಕಿಲ್ಲ. ಮನೇಲಿ "ಸುಮ್ಮನೆ ಕೂರೋ ಬದಲು ಮಾಸ್ಟರ್ಸ್ ಸೇರು" ಅಂತಿದ್ದಾರೆ. ನನಗೂ ಇದೇ ಸಲಹೆಗಳು ಹೊಂದುತ್ತಾ?

ಸೆಮಿಕೋಲನ್

ಕೆಲಸ ಸಿಗಲಿಲ್ಲ ಅನ್ನೋ ಕಾರಣಕ್ಕೆ ಸೇರಬೇಡಿ. ಮುಗಿಸಿ ಬರೋ ಹೊತ್ತಿಗೂ ಅನುಭವ ಸೊನ್ನೆಯೇ ಇರುತ್ತೆ.

ಓದುಗೂಡು

ಪೂರ್ತಿ ಹಾಗಲ್ಲ. ಒಳ್ಳೆ ಕಡೆ ಸೇರಿದ್ರೆ ಇಂಟರ್ನ್‌ಶಿಪ್ ಸಿಗುತ್ತೆ, ಕ್ಯಾಂಪಸ್‌ಗೆ ಕಂಪನಿಗಳು ಬರ್ತವೆ. ಮೊದಲ ಕೆಲಸ ಸಿಗದವರಿಗೆ ಇದು ಇನ್ನೊಂದು ಅವಕಾಶ. ಕಂಪ್ಯೂಟರ್ ಸೈನ್ಸ್ ಓದಿ ಬಂದ ನಿಮಗೆ ಮಾಸ್ಟರ್ಸ್‌ನ ಮೊದಲ ಭಾಗ ಓದಿದ್ದನ್ನೇ ಮತ್ತೆ ಓದಿದ ಹಾಗೆ ಆಗಬಹುದು, ಅದೊಂದನ್ನ ನೋಡ್ಕೊಳ್ಳಿ ಮರಿ. ಸೇರೋ ಮುಂಚೆ ಹಿಂದಿನ ಬ್ಯಾಚ್‌ನವರು ಈಗ ಎಲ್ಲಿದ್ದಾರೆ ಅಂತ ಒಬ್ಬೊಬ್ಬರನ್ನೇ ಹುಡುಕಿ ನೋಡಿ. ಕಾಲೇಜಿನ ಜಾಹೀರಾತು ನಂಬಬೇಡಿ.

ಉತ್ತರದಗಾಳಿ

ಹೌದ್ರಿ, ಜಾಹೀರಾತು ನಂಬಬ್ಯಾಡ್ರಿ. ನಮ್ಮ ತಮ್ಮ ಒಂದು ಕಡೆ ಮಾಸ್ಟರ್ಸ್ ಮಾಡಿದ, ಹೆಸರು ಬ್ಯಾಡ. ವೆಬ್ ಟೆಕ್ನಾಲಜಿ ಅಂತ ಒಂದು ಪೇಪರ್ ಇತ್ತು, ಅದರಾಗ ಜಾವಾ ಆಪ್ಲೆಟ್ ಬರೆಸಿದ್ರು. ಆಪ್ಲೆಟ್ ಓಡಿಸೋ ಬ್ರೌಸರ್ ಆಗಲೇ ಒಂದೂ ಉಳಿದಿರ್ಲಿಲ್ಲ. ಲ್ಯಾಬ್‌ನ್ಯಾಗ ಅದಕ್ಕಂತ ಹಳೇ ಬ್ರೌಸರ್ ಹಾಕಿ ಇಟ್ಟಿದ್ರಂತ. ಅವ ಎರಡು ವರ್ಷ ಓದಿ, ಕೆಲಸಕ್ಕ ಬೇಕಾದ್ದು ಮತ್ತ ಮನ್ಯಾಗ ಕುಂತು ಕಲಿತ. ಸಿಲಬಸ್ ಕೈಯಾಗ ಹಿಡಕೊಂಡು ಸಾಲು ಸಾಲು ಓದ್ರಿ, ಆಮ್ಯಾಲ ಫೀಸ್ ಕಟ್ರಿ.

ರಾತ್ರಿಪಾಳಿ

ಕೆಲಸದ ಜೊತೆ ಓದ್ತಿರೋನು ನಾನು, ಹಾಗಾಗಿ ನೀಲಿಪುಟ ಅವರ ಪರಿಸ್ಥಿತಿಗೆ ಹತ್ತಿರ ಇದ್ದೀನಿ.

ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದವರು 2014ರಲ್ಲಿ ಆನ್‌ಲೈನ್ ಮಾಸ್ಟರ್ಸ್ ಶುರು ಮಾಡಿದ್ಮೇಲೆ ಈ ದಾರಿ ಅಗಲ ಆಯ್ತು. ಅಲ್ಲಿ ಹತ್ತು ಕೋರ್ಸ್ ಮುಗಿಸಬೇಕು, ಕೆಲಸ ಮಾಡೋರು ಸಾಮಾನ್ಯವಾಗಿ ಒಂದು ಸೆಮಿಸ್ಟರ್‌ಗೆ ಒಂದೇ ತಗೋತಾರೆ. ನೀಲಿಪುಟ ಅವರ ಪದವಿ ವಾಣಿಜ್ಯದ್ದು, ಪ್ರವೇಶಕ್ಕೆ ಅದೇ ಅಡ್ಡ ಬರಬಹುದು ಅಂತ ಅಳುಕಿದ್ರೆ ಕೊಲರಾಡೊ ಬೌಲ್ಡರ್ ವಿಶ್ವವಿದ್ಯಾಲಯದವರು ಕೋರ್ಸೆರಾ ಅನ್ನೋ ಆನ್‌ಲೈನ್ ಕಲಿಕಾ ತಾಣದ ಮೂಲಕ ನಡೆಸೋದನ್ನ ನೋಡಿ. ಅಲ್ಲಿ ಹಿಂದಿನ ಅಂಕಪಟ್ಟಿ ಕೇಳಲ್ಲ. ಮೊದಲ ಕೆಲವು ಕೋರ್ಸ್‌ಗಳನ್ನ ಒಳ್ಳೆ ಗ್ರೇಡ್‌ನಲ್ಲಿ ಮುಗಿಸಿದ್ರೆ ಅದೇ ಪ್ರವೇಶ.

ಆದರೆ ಒಂದು ಮಾತು ಮನಸ್ಸಿಟ್ಟು ಕೇಳಿ. ರಾತ್ರಿ ಕೆಲಸ ಮುಗಿಸಿ, ಊಟ ಆಗಿ, ಮನೆಯವರೆಲ್ಲ ಮಲಗಿದ್ಮೇಲೆ ಕೂತು ಅಸೈನ್‌ಮೆಂಟ್ ಮಾಡೋದು ಬೇರೆ ರೀತಿಯ ಓದು. ಪ್ರೊಡಕ್ಷನ್‌ನಲ್ಲಿ ಏನಾದ್ರೂ ಬಿದ್ದುಹೋದ ವಾರವೇ ಪರೀಕ್ಷೆ ಬರುತ್ತೆ. ಶನಿವಾರ ಭಾನುವಾರ ನಿಮ್ಮದಲ್ಲ. ನನ್ನ ಹೆಂಡತಿ ಮನೆಯ ಭಾರ ಎತ್ತಿಕೊಂಡಿದ್ದಕ್ಕೆ ಇದು ನಡೀತಿದೆ. ಮನೆಯವರ ಜೊತೆ ಕೂತು ಮಾತಾಡದೆ ಸೇರಬೇಡಿ.

ಆದರೂ ನನಗೆ ಇದು ಇಷ್ಟ. ಗಡುವು ಇದ್ದದ್ದಕ್ಕೆ ಓದಿದೆ. ಉಚಿತ ಪಾಠಗಳನ್ನ ಎಷ್ಟೋ ಸಲ ಶುರು ಮಾಡಿ ಮೂರನೇ ವಾರಕ್ಕೆ ಬಿಟ್ಟವರನ್ನ ನನ್ನ ಸುತ್ತಲೂ ನೋಡಿದ್ದೀನಿ.

ಸೆಮಿಕೋಲನ್

ಗಡುವಿಗೋಸ್ಕರ ಅಷ್ಟು ದುಡ್ಡು ಕೊಡಬೇಕಾ?

ರಾತ್ರಿಪಾಳಿ

ಗಡುವು, ತಿದ್ದೋರು, ಜೊತೆಗೆ ಒದ್ದಾಡೋ ಸಹಪಾಠಿಗಳು. ನನಗೆ ಅದು ಬೇಕಿತ್ತು, ನಿಮಗೆ ಬೇಡದಿರಬಹುದು.

ಪರದೆಹಿಂದೆ

ಎಐ ಬಗ್ಗೆ ಅವರು ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. ನನ್ನ ಅನುಭವ: ಎಐ ಬರೆದ ಕೋಡ್ ನೋಡೋಕೆ ಚೊಕ್ಕವಾಗಿರುತ್ತೆ. ಎನ್ ಪ್ಲಸ್ ಒನ್ ಕೂಡ ಚೊಕ್ಕವಾಗೇ ಬರೆದುಕೊಡುತ್ತೆ. ಇವತ್ತು ನಾವು ನೋಡಿದ ಆ 401 ಕ್ವೆರಿಯನ್ನ ಲಾಗ್‌ನಲ್ಲಿ ಗುರುತಿಸಿ, ಇದು ಸರಿಯಿಲ್ಲ ಅಂತ ಹೇಳೋ ಕಣ್ಣು ಇರೋರಿಗೆ ಕೆಲಸ ಇದ್ದೇ ಇರುತ್ತೆ. ಬರೀ ಪರದೆ ಮೇಲೆ ಬಟನ್ ಜೋಡಿಸೋ ಕೆಲಸ ತೆಳುವಾಗ್ತಿದೆ, ಅದನ್ನ ಅಲ್ಲಗಳೆಯಲ್ಲ. ತಳಪಾಯ ಗಟ್ಟಿ ಮಾಡ್ಕೋಬೇಕು ಅನ್ನೋ ನೀಲಿಪುಟ ಅವರ ಯೋಚನೆ ನೂರಕ್ಕೆ ನೂರು ಸರಿ. ಯಾವ ದಾರಿಯಲ್ಲಿ ಅನ್ನೋದಷ್ಟೇ ಉಳಿದಿರೋದು.

ಹಳೇಕೀಬೋರ್ಡ್

ಹಾಗಾದ್ರೆ ನನ್ನ ಸಲಹೆ ಇದು. ಯಾವ ಮಾಸ್ಟರ್ಸ್‌ಗೂ ಈಗಲೇ ಅರ್ಜಿ ಹಾಕಬೇಡಿ. 15-445ರ ಪಾಠ ಮತ್ತೆ ಪ್ರಾಜೆಕ್ಟ್‌ಗಳನ್ನ ಒಂದು ಸೆಮಿಸ್ಟರ್ ಕೆಲಸದ ಜೊತೆ ಮಾಡಿ. ಬಸ್‌ಟಬ್ ಅನ್ನೋ ಪುಟ್ಟ ಡೇಟಾಬೇಸ್‌ನ ಬಿಡಿ ಭಾಗಗಳನ್ನ ಅದರಲ್ಲಿ ಬರೆಸ್ತಾರೆ: ಬಫರ್ ಪೂಲ್ (ಡಿಸ್ಕ್‌ನಿಂದ ತಂದದ್ದನ್ನ ಮೆಮೊರಿಯಲ್ಲಿ ಇಡೋ ಭಾಗ), ಬಿ ಪ್ಲಸ್ ಟ್ರೀ ಇಂಡೆಕ್ಸ್, ಕ್ವೆರಿ ಓಡಿಸೋ ಭಾಗ, ಆಮೇಲೆ ನೀವು ಹೆದರೋ ಐಸೋಲೇಷನ್ ಲೆವೆಲ್ಲೂ ಬರುತ್ತೆ. ಹೊರಗಿನವರಿಗೂ ಆನ್‌ಲೈನ್‌ನಲ್ಲಿ ಸಲ್ಲಿಸಿ ಅಂಕ ನೋಡ್ಕೊಳ್ಳೋ ವ್ಯವಸ್ಥೆ ಮಾಡಿದ್ದಾರೆ.

ಆ ಸೆಮಿಸ್ಟರ್‌ನಲ್ಲಿ ನಿಮಗೆ ಎರಡು ಗೊತ್ತಾಗುತ್ತೆ. ಕೆಲಸ, ಮನೆ, ಓದು ಮೂರನ್ನೂ ನಿಮ್ಮ ದೇಹ ಮತ್ತೆ ಮನೆ ತಡೆಯುತ್ತಾ ಅನ್ನೋದು. ಇನ್ನೊಂದು, ಗಡುವಿಲ್ಲದೆ ನೀವು ಮುಗಿಸೋರಾ ಅನ್ನೋದು. ಮುಗಿಸಿದ್ರೆ ಇನ್ನೊಂದು ಕೋರ್ಸ್ ಹಾಗೇ ಮಾಡಿ, ಡಿಗ್ರಿ ಸದ್ಯಕ್ಕೆ ಬೇಡ. ಓದು ಹಿಡಿಸಿಯೂ ಒಬ್ಬರೇ ಆಗ್ತಿಲ್ಲ ಅನ್ನಿಸಿದ್ರೆ ರಾತ್ರಿಪಾಳಿ ಅವರ ದಾರಿ ಹಿಡೀರಿ, ಆಗ ಕೊಡೋ ದುಡ್ಡು ವ್ಯರ್ಥ ಅಲ್ಲ. ಕೆಲಸ ಬಿಟ್ಟು ಓದೋದು ಮಾತ್ರ ನಿಮ್ಮ ಮನೆ ಪರಿಸ್ಥಿತಿಗೆ ನಾನು ಹೇಳಲ್ಲ.

ಓದುಗೂಡು

ಪೂರ್ಣಾವಧಿ ಓದಿದ ನಾನೂ ಇದನ್ನೇ ಹೇಳ್ತೀನಿ. ನನ್ನ ಮೇಲೆ ಆಗ ಯಾರ ಹೊಣೆಯೂ ಇರಲಿಲ್ಲ, ಅದು ದೊಡ್ಡ ವ್ಯತ್ಯಾಸ.

ಸೆಮಿಕೋಲನ್

ನನ್ನದು ಈಗಲೂ ಬೇಡ ಅಂತಲೇ. ಒಂದು ಕೋರ್ಸ್ ಉಚಿತವಾಗಿ ಮಾಡಿ ನೋಡೋದಕ್ಕೆ ತಕರಾರಿಲ್ಲ.

ನೀಲಿಪುಟ

ಎಲ್ಲರಿಗೂ ತುಂಬಾ ಧನ್ಯವಾದ. ಸದ್ಯಕ್ಕೆ ಹೀಗೆ: ಈ ವಾರ ಆ ಆರ್ಡರ್ ಪುಟ ಸರಿಮಾಡಿ, ಮುಂಚೆ ಎಷ್ಟು, ಆಮೇಲೆ ಎಷ್ಟು ಅಂತ ಅಳತೆ ಬರೆದಿಟ್ಟು ರೆಸ್ಯೂಮೆ ತಿದ್ದುತ್ತೀನಿ. ಹೆಡರ್ ಕೂಡ. ಅದರ ಜೊತೆಗೇ 15-445 ಶುರು ಮಾಡ್ತೀನಿ. ಮಾಸ್ಟರ್ಸ್ ಅರ್ಜಿ ಆಮೇಲೆ. ಒಂದು ತೊಡಕು, ಆ ಪ್ರಾಜೆಕ್ಟ್‌ಗಳು ಸಿ ಪ್ಲಸ್ ಪ್ಲಸ್‌ನಲ್ಲಿವೆ, ನಾನು ಜಾವಾಸ್ಕ್ರಿಪ್ಟ್ ಬಿಟ್ಟು ಬೇರೆ ಬರೆದಿಲ್ಲ.

ರಾತ್ರಿಪಾಳಿ

ಸೊನ್ನೆ ನಂಬರಿನ ಪ್ರಾಜೆಕ್ಟ್ ಇರೋದೇ ಆ ಭಾಷೆಯ ಅಭ್ಯಾಸಕ್ಕೆ. ಅದನ್ನ ಹಾರಿಸಬೇಡಿ. ಅದು ತುಂಬಾ ಕಷ್ಟ ಅನ್ನಿಸಿದ್ರೆ ಮೊದಲು ಭಾಷೆ ಕಲಿತು ವಾಪಸ್ ಬನ್ನಿ.

ಮಿಂಚುಳ

ನಾನೂ ಸೇರ್ಕೊಳ್ಳಲಾ ಸರ್? ಹೇಗೂ ಕೆಲಸ ಹುಡುಕ್ತಿದ್ದೀನಿ. ಸಿ ಪ್ಲಸ್ ಪ್ಲಸ್ ಕಾಲೇಜಲ್ಲಿ ಚೆನ್ನಾಗಿ ಬರೆದಿದ್ದೀನಿ, ಪಾಯಿಂಟರ್ ಹತ್ತಿರ ಸಿಕ್ಕಿಹಾಕಿಕೊಂಡ್ರೆ ನನ್ನ ಕೇಳಿ. ರಿಯಾಕ್ಟ್ ನೀವು ನನಗೆ ಹೇಳಿಕೊಡಿ.

ನೀಲಿಪುಟ

ಖಂಡಿತ ಬನ್ನಿ. ಶನಿವಾರ ಬೆಳಿಗ್ಗೆ ಆಗುತ್ತಾ? ಕೋಡ್ ಇಡೋಕೆ ನಾನೊಂದು ರೆಪೊ ಮಾಡ್ತೀನಿ.

ಮಿಂಚುಳ

ಆಗುತ್ತೆ. ರೆಪೊ ಪ್ರೈವೇಟ್ ಇರಲಿ ಸರ್. ಉತ್ತರಗಳನ್ನ ಬಹಿರಂಗವಾಗಿ ಹಾಕಬೇಡಿ ಅಂತ ಕೋರ್ಸ್‌ನವರು ಕೇಳ್ಕೊಂಡಿದ್ದಾರೆ. ಇಬ್ಬರೂ ಬೇರೆ ಬೇರೆ ಬರೆದು, ಸಿಕ್ಕಿಹಾಕಿಕೊಂಡ ಜಾಗ ಮಾತ್ರ ಮಾತಾಡೋಣ.